ಮರ ಒಪ್ಪಿದಷ್ಟೇ ಬಿಲ್ಲು ಬಾಗುತ್ತದೆ

ಕ್ಯಾಲೆಂಡರಿನ ಶ್ರೀರಾಮನ ಕೈಯಲ್ಲಿ, ಟಿ.ವಿ. ಧಾರಾವಾಹಿಯ ಅರ್ಜುನನ ಹೆಗಲ ಮೇಲೆ ನಾವು ನೋಡುವ ಬಿಲ್ಲು ಹೆಚ್ಚುಕಡಿಮೆ ಒಂದೇ ತೆರ: ಹಿಡಿಯ ಬಳಿ ಒಳಕ್ಕೆ ತಗ್ಗಿ, ತುದಿಗಳಲ್ಲಿ ಹೊರಕ್ಕೆ ಬಳುಕಿದ, ಚಿನ್ನದ ಬಣ್ಣದ, ಎದೆಮಟ್ಟದ ಬಿಲ್ಲು. ಅಲೆಕ್ಸಾಂಡರನ ಜೊತೆ ಬಂದ ಗ್ರೀಕರು ಈ ನೆಲದ ಕಾಲಾಳುಗಳ ಕೈಯಲ್ಲಿ ಕಂಡದ್ದು ಬೇರೆಯದೇ ಬಿಲ್ಲು. ಆ ಕಾಲದ ಗ್ರೀಕರ ಬರಹಗಳನ್ನು ಆಧರಿಸಿ ಕ್ರಿ.ಶ. 2ನೇ ಶತಮಾನದ ಇತಿಹಾಸಕಾರ ಏರಿಯನ್ ಅದನ್ನು ವಿವರಿಸಿದ್ದಾನೆ. ಬಿಲ್ಲು ಹಿಡಿದವನಷ್ಟೇ ಎತ್ತರ. ಅದನ್ನು ನೆಲಕ್ಕೂರಿ, ಎಡಗಾಲಿನಿಂದ ಒತ್ತಿ ಹಿಡಿದು, ಹೆದೆಯನ್ನು ಬಹಳ ಹಿಂದಕ್ಕೆ ಎಳೆದು ಬಾಣ ಬಿಡುತ್ತಿದ್ದರು. ಬಾಣದ ಉದ್ದ ಮೂರು ಮೊಳಕ್ಕೆ ತುಸು ಕಡಿಮೆ. ಗುರಾಣಿಯಾಗಲಿ ಕವಚವಾಗಲಿ ಅದನ್ನು ತಡೆಯುತ್ತಿರಲಿಲ್ಲವಂತೆ. ಕ್ರಿ.ಪೂ. 326ರಲ್ಲಿ ಝೀಲಂ ನದಿಯ ದಂಡೆಯಲ್ಲಿ, ಅಲೆಕ್ಸಾಂಡರನನ್ನು ಎದುರಿಸಿದ ರಾಜ ಪೋರಸನ ಬಿಲ್ಲಾಳುಗಳು ಪರದಾಡಿದ್ದಕ್ಕೆ ರೋಮನ್ ಲೇಖಕ ಕರ್ಟಿಯಸ್ ಕೊಡುವ ಕಾರಣವೂ ಇದಕ್ಕೆ ಹೊಂದುತ್ತದೆ: ಮಳೆಗೆ ನೆಲ ಜಾರುತ್ತಿತ್ತು, ಬಿಲ್ಲನ್ನು ಊರಲು ಜಾಗವೇ ಸಿಗಲಿಲ್ಲ.

ಹೀಗೆ ಆಳೆತ್ತರ ಇರುವ, ಮರ ಅಥವಾ ಬಿದಿರಿನಿಂದ ಕೈಯಲ್ಲೇ ಕೆತ್ತಿದ ಬಿಲ್ಲಿಗೆ ಬಿಲ್ಲುಗಾರಿಕೆಯ ವಲಯದಲ್ಲಿ ಲಾಂಗ್‌ಬೋ ಎನ್ನುತ್ತಾರೆ. ಕೊಂಬು, ಮರ, ಪ್ರಾಣಿಗಳ ಸ್ನಾಯು ಸೇರಿಸಿ ಅಂಟಿಸಿದ ತುರ್ಕಿ, ಮೊಘಲ್ ಮಾದರಿಯ ಗಿಡ್ಡ ಬಿಲ್ಲುಗಳು ಕುದುರೆ ಸವಾರರಿಗೆ ಹೇಳಿ ಮಾಡಿಸಿದವು. ಅವುಗಳ ಕಥೆ ಬೇರೆ, ಇಲ್ಲಿ ಬೇಡ. ಉದ್ದ ಬಿಲ್ಲಿನಲ್ಲೇ ಇಂಗ್ಲಿಷ್, ಅಮೆರಿಕನ್, ಜಪಾನಿ, ನಮ್ಮ ಬಿದಿರಿನದು ಎಂದು ಹಲವು ಬಗೆಗಳಿವೆ. ಬಿಲ್ಲುಗಾರಿಕೆಗೆ ಹೊಸದಾಗಿ ಬಂದವರು ಮೊದಲು ಕೇಳುವ ಪ್ರಶ್ನೆ, "ಇವುಗಳಲ್ಲಿ ಯಾವುದು ಒಳ್ಳೆಯದು?" ಈ ಪ್ರಶ್ನೆಗೆ ಸಿಗುವ ಉತ್ತರ ಬಹುತೇಕ ಅಭಿಮಾನದ್ದು. ಇಂಗ್ಲಿಷ್ ಬಿಲ್ಲಿನ ಪ್ರಿಯರು ಇಂಗ್ಲಿಷ್ ಬಿಲ್ಲಾಳುಗಳು ಗೆದ್ದ ಆಜಿನ್‌ಕೋರ್ಟ್ ಕದನದ ಕಥೆ ತೆಗೆಯುತ್ತಾರೆ, ಜಪಾನಿ ಬಿಲ್ಲಿನವರು ಧ್ಯಾನದ ಮಾತಾಡುತ್ತಾರೆ. ಬಿಲ್ಲು ಕೆತ್ತುವವರನ್ನು ಕೇಳಿದರೆ ಅವರು ತಿರುಗಿ ಕೇಳುವುದು ಒಂದೇ ಮಾತು: "ನಿಮ್ಮ ಹತ್ತಿರ ಯಾವ ಮರ ಇದೆ?" ಬಿಲ್ಲಿನ ಶೈಲಿಗಳನ್ನು ಹೋಲಿಸುವುದಕ್ಕೆ ಸರಿಯಾದ ದಾರಿ ಅದೇ ಎಂಬುದು ಈ ಲೇಖನದ ವಾದ.

ಬೆನ್ನಿಗೆ ಎಳೆತ, ಹೊಟ್ಟೆಗೆ ಒತ್ತಡ

ಬೆರಳು ಗಾತ್ರದ ಹಸಿ ಕೊಂಬೆಯೊಂದನ್ನು ಬಗ್ಗಿಸಿ ನೋಡಿ. ಹೊರಬಾಗಿನ ತೊಗಟೆ ಹಿಗ್ಗಿ ಬಿರಿಯುತ್ತದೆ, ಒಳಬಾಗಿನದು ಕುಗ್ಗಿ ಸುಕ್ಕುಗಟ್ಟುತ್ತದೆ. ಬಿಲ್ಲಿನಲ್ಲಿ ನಡೆಯುವುದೂ ಇದೇ. ಗುರಿಯ ಕಡೆಗಿರುವ ಮೈಗೆ ಬೆನ್ನು ಎನ್ನುತ್ತಾರೆ, ಬಿಲ್ಲುಗಾರನ ಕಡೆಗಿರುವುದಕ್ಕೆ ಹೊಟ್ಟೆ. ಹೆದೆ ಎಳೆದಾಗ ಬೆನ್ನಿನ ನಾರುಗಳು ಹಿಗ್ಗಬೇಕು, ಹೊಟ್ಟೆಯ ನಾರುಗಳು ಒತ್ತಡ ತಾಳಬೇಕು. ಬೆನ್ನು ಸೋತರೆ ಬಿಲ್ಲು ಫಟ್ಟೆಂದು ಮುರಿಯುತ್ತದೆ. ಹೊಟ್ಟೆ ಸೋತರೆ ಅಷ್ಟು ಗದ್ದಲವಿಲ್ಲ: ಅಡ್ಡಡ್ಡಲಾಗಿ ಸಣ್ಣ ಸುಕ್ಕುಗೆರೆಗಳು ಮೂಡುತ್ತವೆ, ಹೆದೆ ಬಿಚ್ಚಿದರೂ ಬಿಲ್ಲು ನೆಟ್ಟಗಾಗದೆ ಬಾಗಿಯೇ ಉಳಿಯುತ್ತದೆ. ಹೀಗೆ ಬಾಗಿ ಉಳಿದಷ್ಟೂ ಬಾಣದ ವೇಗ ಕುಂದುತ್ತದೆ.

ಎರಡನೆಯ ಸಂಗತಿ ಅಗಲ ಮತ್ತು ದಪ್ಪದ ಲೆಕ್ಕ. ಮರದ ಪಟ್ಟಿಯ ಅಗಲ ಎರಡು ಪಟ್ಟಾದರೆ ಅದರ ಬಿಗಿ ಎರಡು ಪಟ್ಟಾಗುತ್ತದೆ. ದಪ್ಪ ಎರಡು ಪಟ್ಟಾದರೆ ಬಿಗಿ ಎಂಟು ಪಟ್ಟು. ದಪ್ಪದಿಂದ ಬಲ ಸುಲಭವಾಗಿ ಸಿಗುತ್ತದೆ, ಆದರೆ ದಪ್ಪ ಹೆಚ್ಚಿದಷ್ಟೂ ಅದೇ ಬಾಗಿಗೆ ಬೆನ್ನು ಮತ್ತು ಹೊಟ್ಟೆಯ ನಾರುಗಳು ಹೆಚ್ಚು ಹಿಗ್ಗಬೇಕು, ಹೆಚ್ಚು ಕುಗ್ಗಬೇಕು. ಒಂದೇ ಬಿಗಿಯ ಎರಡು ಪಟ್ಟಿಗಳನ್ನು ಹೋಲಿಸಿ. ಮೊದಲನೆಯದಕ್ಕಿಂತ ಎರಡು ಪಟ್ಟು ಅಗಲವಿರುವ ಪಟ್ಟಿಯಲ್ಲಿ ದಪ್ಪವನ್ನು ಸುಮಾರು ಶೇ 20ರಷ್ಟು ಇಳಿಸಬಹುದು. ನಾರುಗಳ ಮೇಲಿನ ಭಾರವೂ ಅಷ್ಟೇ ಇಳಿಯುತ್ತದೆ. ಆದರೆ ಪಟ್ಟಿಯ ತೂಕ ಸುಮಾರು ಶೇ 60ರಷ್ಟು ಏರುತ್ತದೆ. ಬಾಣ ಹಾರಿಸುವ ಮುನ್ನ ಬಿಲ್ಲು ತನ್ನ ತೋಳುಗಳನ್ನೇ ಮುಂದಕ್ಕೆ ಹಾರಿಸಬೇಕು. ತೋಳು ಭಾರವಾದಷ್ಟೂ ಬಾಣದ ಪಾಲಿಗೆ ಬರುವ ಶಕ್ತಿ ಕಡಿಮೆ. ತುದಿಗಳ ಭಾರವಂತೂ ಎಲ್ಲಕ್ಕಿಂತ ದುಬಾರಿ, ಏಕೆಂದರೆ ಅತಿ ಹೆಚ್ಚು ದೂರ ಚಲಿಸುವುದು ತುದಿಗಳೇ.

ಉದ್ದದ ಕಾರಣವೂ ಇಲ್ಲೇ ಇದೆ. ಒಂದೇ ಎಳೆತಕ್ಕೆ ಗಿಡ್ಡ ಬಿಲ್ಲಿನ ಪ್ರತಿ ಗೇಣೂ ಹೆಚ್ಚು ಬಾಗಬೇಕು, ಉದ್ದ ಬಿಲ್ಲಿನದು ಕಡಿಮೆ. ಬೇರೆ ಯಾವುದರ ನೆರವೂ ಇಲ್ಲದ ಬರೀ ಮರ ಮುರಿಯದೆ ಉಳಿಯಬೇಕಾದರೆ ಉದ್ದವಾಗಿರುವುದೇ ಕ್ಷೇಮ. ಕೊನೆಯ ಕೆಲವು ಅಂಗುಲಗಳಲ್ಲಿ ಹೆದೆ ಒಮ್ಮೆಲೇ ಬಿಗಿಯಾಗಿ ಕೈ ಕಚ್ಚುವುದೂ ಉದ್ದ ಬಿಲ್ಲಿನಲ್ಲಿ ಕಡಿಮೆ. ಈ ಲೆಕ್ಕಗಳನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ನಾಲ್ಕೂ ಶೈಲಿಗಳು ತಾವಾಗಿಯೇ ಅರ್ಥವಾಗುತ್ತವೆ.

ಇಂಗ್ಲಿಷ್ ಬಿಲ್ಲು: ಒಂದೇ ಮರದಲ್ಲಿ ಎರಡು ಗುಣ

1545ರ ಜುಲೈ 19ರಂದು ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಸೊಲೆಂಟ್ ಜಲಸಂಧಿಯಲ್ಲಿ ಎಂಟನೇ ಹೆನ್ರಿಯ ಯುದ್ಧನೌಕೆ ಮೇರಿ ರೋಸ್ ಮುಳುಗಿತು. 1982ರ ಅಕ್ಟೋಬರ್ 11ರಂದು ಅದರ ಒಡಲನ್ನು ಮೇಲೆತ್ತಲಾಯಿತು. ಅದರೊಳಗಿಂದ ಸಿಕ್ಕ 172 ಬಿಲ್ಲುಗಳು, 3,500ಕ್ಕೂ ಹೆಚ್ಚು ಬಾಣಗಳು ಇಂಗ್ಲಿಷ್ ಬಿಲ್ಲಿನ ಬಗೆಗಿನ ಊಹೆಗಳಿಗೆ ತೆರೆ ಎಳೆದವು. ಬಿಲ್ಲುಗಳ ಉದ್ದ 1.87 ಮೀಟರಿನಿಂದ 2.11 ಮೀಟರ್. ಸಂಶೋಧಕರ ಅಂದಾಜಿನಂತೆ ಅವುಗಳನ್ನು ಪೂರ್ತಿ ಎಳೆಯಲು ಬೇಕಾಗಿದ್ದ ಬಲ 100ರಿಂದ 185 ಪೌಂಡ್, ಅಂದರೆ 45ರಿಂದ 84 ಕೆ.ಜಿ. ಇಂದು ಸಾಮಾನ್ಯ ಹವ್ಯಾಸಿ ಬಿಲ್ಲುಗಾರ ಎಳೆಯುವುದು ಇದರ ಅರ್ಧಕ್ಕೂ ಕಡಿಮೆ. ಹಡಗಿನಲ್ಲಿ ಸಿಕ್ಕ ಕೆಲವು ಅಸ್ಥಿಪಂಜರಗಳ ಭುಜದ ತುದಿಯ ಮೂಳೆ ಕೂಡಿಕೊಳ್ಳದೆ ಉಳಿದಿರುವುದಕ್ಕೆ ಎಳವೆಯಿಂದಲೇ ಭಾರದ ಬಿಲ್ಲು ಎಳೆದದ್ದೇ ಕಾರಣವಿರಬಹುದು ಎಂದು ತಜ್ಞರು ಹೇಳುತ್ತಾರೆ.

ಈ ಬಿಲ್ಲುಗಳು ಕಿರಿದಾಗಿ, ದಪ್ಪವಾಗಿ ಇವೆ. ಅಡ್ಡ ಕತ್ತರಿಸಿದರೆ ಬೆನ್ನು ಹೆಚ್ಚುಕಡಿಮೆ ಚಪ್ಪಟೆ, ಹೊಟ್ಟೆ ದುಂಡು. ಮೇಲಿನ ಲೆಕ್ಕದ ಪ್ರಕಾರ ಇದು ನಾರುಗಳನ್ನು ಅತಿಯಾಗಿ ದುಡಿಸುವ ಆಕಾರ. ಅದು ನಡೆದದ್ದು ಯೂ ಎಂಬ ಮರದಿಂದ. ಯೂ ಮರದ ತೊಗಟೆಗೆ ಹತ್ತಿಕೊಂಡ ಭಾಗ ತಿಳಿಬಣ್ಣದ್ದು, ಎಳೆತಕ್ಕೆ ಗಟ್ಟಿ. ಒಳಗಿನ ಚೇಗು ಕೆಂಗಿತ್ತಳೆ ಬಣ್ಣದ್ದು, ಒತ್ತಡಕ್ಕೆ ಗಟ್ಟಿ. ಇವೆರಡೂ ಕೂಡುವ ಗೆರೆಯನ್ನು ನೋಡಿಕೊಂಡು ಸೀಳಿದರೆ, ಬಿಳಿ ಪದರ ಬೆನ್ನಾಗುತ್ತದೆ, ಚೇಗು ಹೊಟ್ಟೆಯಾಗುತ್ತದೆ. ಬೇರೆಡೆ ಎರಡು ವಸ್ತುಗಳನ್ನು ಅಂಟಿಸಿ ಸಾಧಿಸುವುದನ್ನು ಈ ಮರ ಬೆಳೆಯುವಾಗಲೇ ಮಾಡಿಟ್ಟಿರುತ್ತದೆ. ಇಷ್ಟು ಭಾರ ತಾಳುವ ಮರ ಸಿಕ್ಕಮೇಲೆ ಅಗಲ ಮಾಡಿ ತೂಕ ಏರಿಸುವ ಅಗತ್ಯವೇ ಇಲ್ಲ. ತುದಿಗಳಲ್ಲಿ ಹೆದೆ ಸಿಕ್ಕಿಸುವ ಕೊಪ್ಪನ್ನು ಕೊಂಬಿನಲ್ಲಿ ಕೊರೆದು ಕೂರಿಸುತ್ತಿದ್ದರು, ಇಲ್ಲವಾದರೆ ಆ ಎಳೆತಕ್ಕೆ ಹೆದೆ ಮರವನ್ನೇ ಸೀಳಿಬಿಡುತ್ತಿತ್ತು. ಮಧ್ಯಕಾಲದ ಈ ಬಿಲ್ಲು ಹಿಡಿಯೂ ಸೇರಿದಂತೆ ಇಡಿಯಾಗಿ ಬಾಗುತ್ತಿತ್ತು. ಹಿಡಿಯನ್ನು ಬಿಗಿಯಾಗಿ ಬಿಟ್ಟು ಎರಡು ತೋಳುಗಳನ್ನು ಮಾತ್ರ ಬಾಗಿಸುವ ರೂಢಿ ಮುಂದೆ ಕ್ರೀಡೆಯ ಕಾಲದಲ್ಲಿ ಬಂದದ್ದು.

ಒಂದು ಸ್ವಾರಸ್ಯವೆಂದರೆ, "ಇಂಗ್ಲಿಷ್" ಬಿಲ್ಲಿನ ಒಳ್ಳೆಯ ಮರ ಇಂಗ್ಲೆಂಡಿನದಲ್ಲ. ಅಲ್ಲಿನ ಯೂ ಗಂಟುಗಂಟಾಗಿ ಬೆಳೆಯುವುದು ಹೆಚ್ಚು. ಬೆಟ್ಟದ ಚಳಿಯಲ್ಲಿ ನಿಧಾನವಾಗಿ ನೆಟ್ಟಗೆ ಬೆಳೆದ ಯೂ ಯುರೋಪಿನ ಇತರ ಭಾಗಗಳಿಂದ ಬರಬೇಕಿತ್ತು. ಕೊರತೆ ಎಷ್ಟಿತ್ತೆಂದರೆ, ಇಂಗ್ಲೆಂಡಿನ ಬಂದರಿಗೆ ಬರುವ ವ್ಯಾಪಾರಿ ಹಡಗುಗಳು ಸರಕಿನ ಪ್ರತಿ ಟನ್ನಿಗೆ ನಾಲ್ಕು ಬಿಲ್ಲು ದಿಮ್ಮಿಗಳನ್ನು ತರಲೇಬೇಕೆಂದು 1472ರಲ್ಲಿ ಕಾನೂನೇ ಆಯಿತು. ಯೂ ಸಿಗದವರು ಎಲ್ಮ್, ಆ್ಯಶ್ ಮರಗಳಲ್ಲಿ ಬಿಲ್ಲು ಮಾಡಿಕೊಂಡರು. ಆ ಮರಗಳನ್ನೂ ಯೂವಿನ ಹಾಗೆಯೇ ಕಿರಿದಾಗಿ, ದಪ್ಪವಾಗಿ, ದುಂಡಾಗಿ ಕೆತ್ತಿದರೆ ಹೊಟ್ಟೆ ಬೇಗ ಸೋಲುತ್ತದೆ. ಒಂದು ಮರಕ್ಕೆ ವರವಾದ ಆಕಾರ ಇನ್ನೊಂದಕ್ಕೆ ಶಾಪ.

ಚಪ್ಪಟೆ ಬಿಲ್ಲು: ಸಾಧಾರಣ ಮರಕ್ಕೆ ಸರಿಯಾದ ಉಪಾಯ

ಎಲ್ಮ್ ಮರವನ್ನು ಹೇಗೆ ಕೆತ್ತಬೇಕೆಂಬುದು ಯುರೋಪಿನಲ್ಲಿ ಸಾವಿರಾರು ವರ್ಷಗಳ ಹಿಂದೆಯೇ ಗೊತ್ತಿತ್ತು. ಡೆನ್ಮಾರ್ಕಿನ ಹೋಲ್ಮೆಗೋರ್ ಜೌಗುನೆಲದಲ್ಲಿ 1944ರಲ್ಲಿ ಸಿಕ್ಕ ಎಲ್ಮ್ ಬಿಲ್ಲುಗಳಿಗೆ ಸುಮಾರು 9,000 ವರ್ಷ. ಅವುಗಳ ತೋಳುಗಳು ಅಗಲ ಮತ್ತು ತೆಳು, ಹಿಡಿ ಮಾತ್ರ ಕಿರಿದು. ಲೋಹವೇ ಇಲ್ಲದ ಕಾಲದ ಬೇಟೆಗಾರ ಕಲ್ಲಿನ ಅಲಗಿನಿಂದ ಕೆತ್ತಿದ ಬಿಲ್ಲಿನಲ್ಲಿ ಅಗಲ ಮತ್ತು ದಪ್ಪದ ಲೆಕ್ಕ ಪಕ್ಕಾ ಇದೆ.

ಅಟ್ಲಾಂಟಿಕ್‌ನ ಆಚೆ, ಉತ್ತರ ಅಮೆರಿಕದ ಪೂರ್ವ ಭಾಗದ ಮೂಲನಿವಾಸಿಗಳೂ ಹಿಕರಿಯಂಥ ಮರಗಳಲ್ಲಿ ಚಪ್ಪಟೆ ಬಿಲ್ಲುಗಳನ್ನೇ ಕೆತ್ತಿದರು. ಮ್ಯಾಸಚೂಸೆಟ್ಸಿನ ಸಡ್‌ಬರಿಯಲ್ಲಿ 1660ರಲ್ಲಿ ವಶವಾದ ಹಿಕರಿ ಬಿಲ್ಲೊಂದು ಈಗಲೂ ಹಾರ್ವರ್ಡ್‌ನ ಪೀಬಾಡಿ ಮ್ಯೂಸಿಯಮ್ಮಿನಲ್ಲಿದೆ. ಹಿಕರಿಯ ಬೆನ್ನು ಎಂಥ ಎಳೆತಕ್ಕೂ ಜಗ್ಗುವುದಿಲ್ಲ. ಅದರ ದೌರ್ಬಲ್ಯ ತೇವ. ಒಣಹವೆಯಲ್ಲಿ ಚುರುಕಾಗಿರುವ ಹಿಕರಿ ಬಿಲ್ಲು ಮಳೆಗಾಲದಲ್ಲಿ ಮೆತ್ತಗಾಗಿ ಬಾಗಿ ಕೂರುತ್ತದೆ.

1930ರ ದಶಕದಲ್ಲಿ ಈ ಚಪ್ಪಟೆ ಬಿಲ್ಲಿಗೆ ಪ್ರಯೋಗಾಲಯದ ಬೆಂಬಲ ಸಿಕ್ಕಿತು. ರಾಕೆಟ್ ವಿಜ್ಞಾನಿ ಗೊಡಾರ್ಡ್ ಜೊತೆ ಕೆಲಸ ಮಾಡಿದ್ದ, ಮುಂದೆ ಬೆಲ್ ಪ್ರಯೋಗಾಲಯ ಸೇರಿದ ಭೌತವಿಜ್ಞಾನಿ ಕ್ಲಾರೆನ್ಸ್ ಹಿಕ್‌ಮನ್ ಬಾಣದ ವೇಗ ಅಳೆಯುವ ಯಂತ್ರ ಕಟ್ಟಿದರು, ಬಾಣ ಬಿಲ್ಲನ್ನು ಬಿಡುವ ಕ್ಷಣವನ್ನು ಅತಿವೇಗದ ಕ್ಯಾಮೆರಾದಲ್ಲಿ ಹಿಡಿದರು. ದುಂಡು ಹೊಟ್ಟೆಯ ಬಿಲ್ಲಿನಲ್ಲಿ ಒತ್ತಡವೆಲ್ಲ ದುಂಡಿನ ನೆತ್ತಿಯ ಕೆಲವೇ ನಾರುಗಳ ಮೇಲೆ ಬೀಳುತ್ತದೆ. ಆಯತಾಕಾರದ ಅಡ್ಡಕೊಯ್ತದಲ್ಲಿ ಹೊಟ್ಟೆಯ ಇಡೀ ಅಗಲ ಅದನ್ನು ಹಂಚಿಕೊಳ್ಳುತ್ತದೆ. ಪಾಲ್ ಕ್ಲಾಪ್‌ಸ್ಟೆಗ್, ಫಾರೆಸ್ಟ್ ನೇಗ್ಲರ್ ಅವರೂ ಸೇರಿ ನಡೆಸಿದ ಈ ಬಗೆಯ ಅಧ್ಯಯನಗಳು 1947ರಲ್ಲಿ ಪುಸ್ತಕವಾಗಿ ಬಂದವು. ಇಂದಿನ ಅಮೆರಿಕನ್ ಚಪ್ಪಟೆ ಬಿಲ್ಲು, ಹೀಗೆ ಮೂಲನಿವಾಸಿಗಳ ಆಕಾರಕ್ಕೆ ಎಂಜಿನಿಯರುಗಳ ಲೆಕ್ಕ ಸೇರಿ ಆದದ್ದು. ಬ್ರಿಟನ್ನಿನ ಸ್ಪರ್ಧೆಗಳಲ್ಲಿ ಅದನ್ನು ಲಾಂಗ್‌ಬೋ ಎಂದು ಒಪ್ಪುವುದಿಲ್ಲ. ಬಿಲ್ಲಿನ ದಪ್ಪ ಎಲ್ಲೂ ಅಗಲದ ಎಂಟರಲ್ಲಿ ಐದು ಪಾಲಿಗಿಂತ ಕಡಿಮೆ ಇರಬಾರದೆಂಬುದು ಅಲ್ಲಿನ ನಿಯಮ.

ಚಪ್ಪಟೆ ಬಿಲ್ಲಿಗೆ ಅಮೆರಿಕದಲ್ಲಿ ಅತಿ ಬೆಲೆಬಾಳುವ ಮರ ಓಸೇಜ್ ಆರೆಂಜ್. ಹೆಸರಿನಲ್ಲಿ ಕಿತ್ತಳೆ ಇದ್ದರೂ ಇದು ನಮ್ಮ ಹಲಸು, ಆಲ, ಹಿಪ್ಪುನೇರಳೆಗಳ ಕುಟುಂಬದ್ದು. ಯೂವಿಗೆ ತದ್ವಿರುದ್ಧವಾಗಿ, ಇಲ್ಲಿ ಹೊರಗಿನ ಬಿಳಿ ಭಾಗವನ್ನೆಲ್ಲ ತೆಗೆದುಹಾಕಿ ಚೇಗಿನಿಂದಲೇ ಬೆನ್ನು ಮಾಡುತ್ತಾರೆ. ಬೆನ್ನಿನ ಉದ್ದಕ್ಕೂ, ತುದಿಯಿಂದ ತುದಿಗೆ, ಒಂದೇ ವರ್ಷದ ಬೆಳವಣಿಗೆಯ ಉಂಗುರ ಇರಬೇಕು. ಇದು ತಾಳ್ಮೆಯ ಕೆಲಸ. ಎರಡೂ ಕೈಯಲ್ಲಿ ಹಿಡಿದು ತನ್ನತ್ತ ಎಳೆದುಕೊಳ್ಳುವ ಹೆರೆಗತ್ತಿಯಿಂದ ಮರವನ್ನು ಪದರ ಪದರವಾಗಿ ಹೆರೆಯುತ್ತಾ ಬರಬೇಕು. ವರ್ಷದ ಮೊದಲ ಭಾಗದಲ್ಲಿ ಬೆಳೆದ ಮರ ರಂಧ್ರಮಯ; ಕತ್ತಿಯ ಕೆಳಗೆ ಅದು ಚರಚರ ಸದ್ದು ಮಾಡಿ ಪುಡಿಯಾಗಿ ಉದುರುತ್ತದೆ. ಆಮೇಲೆ ಬೆಳೆದದ್ದು ಗಟ್ಟಿ. ಅದು ಹಳದಿ ಸುರುಳಿಯಾಗಿ ಏಳುತ್ತದೆ. ಚರಚರ ಸದ್ದು ಬಂದೊಡನೆ ಕೈ ಹಗುರ ಮಾಡಿ, ಆ ಪುಡಿ ಪದರವನ್ನಷ್ಟೇ ಕೆರೆದು, ಅದರಡಿಯ ಗಟ್ಟಿ ಪದರಕ್ಕೆ ಗಾಯವಾಗದಂತೆ ನಿಲ್ಲಬೇಕು. ಗಂಟು ಎದುರಾದರೆ ಅದರ ಸುತ್ತ ಮರವನ್ನು ತುಸು ಉಬ್ಬಾಗಿಯೇ ಬಿಡಬೇಕು. ಒಂದೇ ಒಂದು ಕಡೆ ಕತ್ತಿ ಆಳಕ್ಕಿಳಿದು ಉಂಗುರ ಕತ್ತರಿಸಿದರೆ ನಾರುಗಳು ಅಲ್ಲಿಂದಲೇ ಎದ್ದು ಬರುತ್ತವೆ, ಬಿಲ್ಲು ಮುರಿಯುವುದೂ ಅಲ್ಲಿಂದಲೇ.

ಜಪಾನಿ ಯುಮಿ: ಅಂಟಿನಲ್ಲಿ ಹುಟ್ಟಿದ ಬಾಗು

ಜಪಾನಿನ ಯುಮಿ ಇವೆಲ್ಲಕ್ಕಿಂತ ಉದ್ದ: ಸಾಮಾನ್ಯ ಅಳತೆಯೇ 221 ಸೆಂಟಿಮೀಟರ್. ಅದರ ಹಿಡಿ ನಡುವೆ ಇರುವುದಿಲ್ಲ. ಕೆಳತುದಿಯಿಂದ ಸುಮಾರು ಮೂರನೇ ಒಂದು ಭಾಗದಲ್ಲಿ ಇರುತ್ತದೆ. ಇದು ಇತ್ತೀಚಿನ ಬದಲಾವಣೆಯಲ್ಲ. ಕೆಳಗೆ ಗಿಡ್ಡ, ಮೇಲೆ ಉದ್ದ ಇರುವ ಮರದ ಬಿಲ್ಲುಗಳ ಪ್ರಸ್ತಾಪ 3ನೇ ಶತಮಾನದ ಚೀನೀ ಇತಿಹಾಸ ಗ್ರಂಥದಲ್ಲೇ ಇದೆ. ಕುದುರೆಯ ಮೇಲೆ, ಮಂಡಿಯೂರಿ ಹೊಡೆಯಲು ಅನುಕೂಲ ಎಂಬ ವಿವರಣೆಯಿದೆ. ಮರಿಮರದ ಬುಡ ದಪ್ಪ, ತುದಿ ತೆಳು ಇರುವುದರಿಂದ ಸಮವಾಗಿ ಬಾಗಲು ಹಿಡಿಯನ್ನು ಕೆಳಗೆ ತಂದರು ಎಂಬ ವಿವರಣೆಯೂ ಇದೆ. ಬಾಣ ಬಿಟ್ಟಾಗ ಬಿಲ್ಲು ಕಂಪಿಸುತ್ತದೆಯಲ್ಲ, ಆ ಕಂಪನ ಅತಿ ಕಡಿಮೆ ಇರುವ ಜಾಗದ ಹತ್ತಿರವೇ ಹಿಡಿ ಬರುವುದರಿಂದ ಕೈಗೆ ಹೊಡೆತ ಕಡಿಮೆ ಎಂಬುದು ಮೂರನೆಯದು.

ಮೊದಲು ಬರೀ ಮರದ್ದಾಗಿದ್ದ ಯುಮಿ ಕಾಲಕ್ರಮದಲ್ಲಿ ಪದರಗಳ ಬಿಲ್ಲಾಯಿತು. ಇಂದಿನ ಸಾಂಪ್ರದಾಯಿಕ ಯುಮಿಯಲ್ಲಿ ಬೆನ್ನಿಗೊಂದು, ಹೊಟ್ಟೆಗೊಂದು ಬಿದಿರಿನ ಪಟ್ಟಿ. ನಡುವೆ ಬಿದಿರು ಮತ್ತು ಮರದ ಸಣ್ಣ ಕಡ್ಡಿಗಳ ತಿರುಳು. ಇವನ್ನೆಲ್ಲ ಜಿಂಕೆ ಚರ್ಮದ ಅಂಟು ಹಚ್ಚಿ ಜೋಡಿಸಿ, ಹಗ್ಗ ಸುತ್ತಿ, ಹಗ್ಗದಡಿ ಬಿದಿರಿನ ಬೆಣೆಗಳನ್ನು ಒಂದೊಂದಾಗಿ ಬಡಿಯುತ್ತಾ, ಅಂಟು ಆರುವ ಮುನ್ನವೇ ಕೈಯಲ್ಲಿ ಬಗ್ಗಿಸಿ ಬಾಗು ತರುತ್ತಾರೆ. ಕ್ಯೂಶು ದ್ವೀಪದ ಮಿಯಾಕೊನೊಜೊ ಪಟ್ಟಣ ಈ ಕಸುಬಿಗೆ ಹೆಸರುವಾಸಿ. ಹೆದೆ ಇಳಿಸಿದ ಯುಮಿ ಗುರಿಯ ಕಡೆಗೆ, ಅಂದರೆ ಎದುರು ದಿಕ್ಕಿಗೆ ಬಾಗಿರುತ್ತದೆ. ಹೆದೆ ಏರಿಸುವಾಗಲೇ ಅದರಲ್ಲಿ ಬಿಗಿ ತುಂಬಿಕೊಳ್ಳುವುದರಿಂದ ಎಳೆತದ ಮೊದಲ ಅಂಗುಲದಿಂದಲೇ ಶಕ್ತಿ ಸೇರುತ್ತಾ ಹೋಗುತ್ತದೆ. ಬಾಣ ಬಿಲ್ಲಿನ ಬಲಬದಿಯಲ್ಲಿ ಕೂರುತ್ತದೆ. ಹೆದೆಯನ್ನು ಚರ್ಮದ ಕೈಗವಸು ತೊಟ್ಟ ಹೆಬ್ಬೆರಳಿನಿಂದ ಕಿವಿಯ ಹಿಂದಕ್ಕೂ ಎಳೆಯುತ್ತಾರೆ.

ಈ ಬಿಲ್ಲು ಏನು ತಾಳಬಲ್ಲದು ಎಂಬುದಕ್ಕೆ ಕ್ಯೋಟೋದ ಸಂಜೂಸಂಗೆನ್‌ದೊ ದೇಗುಲದ ದಾಖಲೆ ಇದೆ. ಸುಮಾರು 120 ಮೀಟರ್ ಉದ್ದದ ಅದರ ಜಗಲಿಯ ಈ ತುದಿಯಿಂದ ಆ ತುದಿಗೆ, ಮೇಲಿನ ತೊಲೆಗೆ ತಾಗದಂತೆ ಬಾಣ ದಾಟಿಸುವ ಪಂದ್ಯ ಅದು. 1686ರಲ್ಲಿ ವಾಸಾ ದೈಹಾಚಿರೊ ಎಂಬ ಬಿಲ್ಲುಗಾರ 24 ಗಂಟೆಗಳಲ್ಲಿ 13,053 ಬಾಣ ಬಿಟ್ಟು 8,133ನ್ನು ದಾಟಿಸಿದ. ಜಪಾನಿನ ಇವತ್ತಿನ ಬಿಲ್ಲುಗಾರಿಕೆಯಾದ ಕ್ಯೂದೊದಲ್ಲಿ ಗುರಿ ಇರುವುದು 28 ಮೀಟರ್ ದೂರದಲ್ಲಿ, ಅದರ ವ್ಯಾಸ 36 ಸೆಂಟಿಮೀಟರ್. ಇಷ್ಟು ಹತ್ತಿರದ ಗುರಿಗೆ ಇಷ್ಟು ಉದ್ದದ ಬಿಲ್ಲೇಕೆ ಎಂದರೆ, ಅಲ್ಲಿ ಬೇಕಾದದ್ದು ದೂರವಲ್ಲ. ದೀರ್ಘವಾದ, ಒಂದೇ ಹದದ ಎಳೆತ.

ನಮ್ಮ ಬಿದಿರು

ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಆಯುಧಾಗಾರದ ಅಧ್ಯಕ್ಷನ ಕೆಲಸಗಳ ಪಟ್ಟಿ ಬರುತ್ತದೆ. ಅಲ್ಲಿ ಬಿಲ್ಲಿನ ವಸ್ತುಗಳು ನಾಲ್ಕು: ತಾಳೆ, ಬಿದಿರು, ಮರ, ಕೊಂಬು. ಹೆದೆಗೆ ಎಕ್ಕದ ನಾರು, ಸಣಬು, ಬಿದಿರು, ಪ್ರಾಣಿಯ ಸ್ನಾಯು ಮುಂತಾದವು. ಬಿಲ್ಲನ್ನು ಹೆಸರಿಸುವಾಗಲೇ ಅದನ್ನು ಯಾವುದರಿಂದ ಮಾಡಿದ್ದು ಎಂದು ಆ ಗ್ರಂಥ ವಿಂಗಡಿಸುತ್ತದೆ. ಬಿದಿರಿನಿಂದಲೇ ಹೆದೆ ಮಾಡುವುದು ಪುಸ್ತಕದ ಮಾತಲ್ಲ. ಬಿದಿರಿನ ಹೊರಮೈಯಿಂದ ಎದ್ದ ತೆಳು ಸೀಳನ್ನು ಹೆದೆಯಾಗಿ ಕಟ್ಟುವುದು ಪಶ್ಚಿಮ ಮತ್ತು ಮಧ್ಯ ಭಾರತದ ಭಿಲ್ಲರಲ್ಲಿ ರೂಢಿಯಲ್ಲಿದೆ. ಬಿಲ್ಲೂ ಬಿದಿರು, ಹೆದೆಯೂ ಬಿದಿರು.

ಬಿದಿರು ಸಸ್ಯಶಾಸ್ತ್ರದ ಲೆಕ್ಕದಲ್ಲಿ ಹುಲ್ಲು. ಅದರಲ್ಲಿ ವರ್ಷದ ಉಂಗುರಗಳಿಲ್ಲ, ಆದ್ದರಿಂದ ಓಸೇಜ್ ಮರದ ಹಾಗೆ ಉಂಗುರ ಹುಡುಕುತ್ತಾ ಹೋಗುವ ಕಷ್ಟವಿಲ್ಲ. ಅದರ ನಾರುಗಳು ಹೊರಚರ್ಮದ ಬಳಿ ದಟ್ಟ, ಒಳಕ್ಕೆ ಹೋದಂತೆ ವಿರಳ. ಹೊರಮೈಯನ್ನು ಬೆನ್ನಾಗಿಸಿದರೆ ಎಳೆತ ತಾಳುವ ಗಟ್ಟಿ ಪದರ ಸಿದ್ಧವಾಗಿಯೇ ಇರುತ್ತದೆ; ಅದನ್ನು ಕೆತ್ತದೆ, ಗೀರದೆ ಹಾಗೇ ಬಿಟ್ಟರಾಯಿತು. ಕೆಲಸವೆಲ್ಲ ಹೊಟ್ಟೆಯ ಕಡೆಗೆ. ಟೊಳ್ಳು ದೊಡ್ಡದಿರುವ ಹೆಬ್ಬಿದಿರಿನಿಂದ ಅಗಲ ಪಟ್ಟಿ ಸಿಗುತ್ತದೆ, ದಪ್ಪ ಸಾಲದು. ಟೊಳ್ಳು ಸಣ್ಣದಿರುವ, ಗೋಡೆ ದಪ್ಪವಿರುವ ಕಿರುಬಿದಿರಿನಲ್ಲಿ ಬಿಲ್ಲಿಗೆ ಬೇಕಾದ ದಪ್ಪ ಸಿಗುತ್ತದೆ. ಗಿಣ್ಣುಗಳು ಬಿಗಿಯಾಗಿ ನಿಲ್ಲುವುದರಿಂದ ಎರಡು ಗಿಣ್ಣುಗಳ ನಡುವಿನ ಭಾಗವೇ ಹೆಚ್ಚು ಬಾಗಲು ನೋಡುತ್ತದೆ. ಒಳಬದಿಯಲ್ಲಿ ಗಿಣ್ಣಿನ ಉಬ್ಬನ್ನು ತೆಗೆಯುವುದು ಎಷ್ಟು, ಬಿಡುವುದು ಎಷ್ಟು ಎಂಬುದರಲ್ಲೇ ಕಸುಬುಗಾರನ ಕೈ ಗೊತ್ತಾಗುತ್ತದೆ.

ಬಿದಿರಿನ ಬಿಲ್ಲನ್ನು ಬಡವರ ಬಿಲ್ಲು ಎಂದು ತಳ್ಳಿಹಾಕುವವರು ಭೂತಾನಿನ ಕಡೆ ನೋಡಬೇಕು. ಅಲ್ಲಿನ ರಾಷ್ಟ್ರೀಯ ಕ್ರೀಡೆಯಲ್ಲಿ ಗುರಿಹಲಗೆ ಇರುವುದು ಸುಮಾರು 140 ಮೀಟರ್ ದೂರದಲ್ಲಿ. ಒಲಿಂಪಿಕ್ಸ್‌ನಲ್ಲಿ ಅದು 70 ಮೀಟರ್. ಬಿದಿರಿನ ಎರಡು ತುಂಡುಗಳನ್ನು ಹಿಡಿಯ ಬಳಿ ಕೂಡಿಸಿದ ಬಿಲ್ಲುಗಳಿಂದಲೇ ಅಲ್ಲಿನವರು ತಲೆಮಾರುಗಳ ಕಾಲ ಆ ದೂರಕ್ಕೆ ಹೊಡೆದಿದ್ದಾರೆ. ನಮ್ಮಲ್ಲೂ ರಾಷ್ಟ್ರಮಟ್ಟದ ಸ್ಪರ್ಧೆಗಳಲ್ಲಿ ಬಿದಿರಿನ ಬಿಲ್ಲಿಗೇ ಮೀಸಲಾದ ಇಂಡಿಯನ್ ರೌಂಡ್ ಇದೆ, 30 ಮತ್ತು 50 ಮೀಟರ್ ದೂರಕ್ಕೆ. ಮೂರು ಒಲಿಂಪಿಕ್ಸ್‌ಗಳಲ್ಲಿ ಆಡಿದ ರಾಜಸ್ಥಾನದ ಲಿಂಬಾರಾಮ್, ಜಾರ್ಖಂಡದ ದೀಪಿಕಾ ಕುಮಾರಿ ಇಬ್ಬರ ಕೈಯೂ ಮೊದಲು ಪಳಗಿದ್ದು ಬಿದಿರಿನ ಬಿಲ್ಲಿನಲ್ಲೇ.

ಕೈಕೆಲಸ ಎಲ್ಲಿದೆ?

ಮರ ಯಾವುದೇ ಇರಲಿ, ಬಿಲ್ಲು ಬಿಲ್ಲಾಗುವುದು ಒಂದು ಹಂತದಲ್ಲಿ. ಅದಕ್ಕೆ ಟಿಲ್ಲರಿಂಗ್ ಎನ್ನುತ್ತಾರೆ. ಒರಟಾಗಿ ಕೆತ್ತಿದ ಬಿಲ್ಲಿನ ಹಿಡಿಯನ್ನು ಗೋಡೆಗೆ ನಿಲ್ಲಿಸಿದ ಕಂಬದ ಮೇಲೆ ಕೂರಿಸಿ, ಹೆದೆಗೆ ಹಗ್ಗ ಕಟ್ಟಿ, ರಾಟೆಯ ಮೂಲಕ ದೂರದಿಂದ ಎಳೆದು ನೋಡುತ್ತಾರೆ. ಎಡತೋಳು ಬಾಗಿದಷ್ಟೇ ಬಲತೋಳು ಬಾಗುತ್ತಿದೆಯೇ? ಯಾವುದಾದರೂ ಜಾಗ ಮೊಂಡಾಗಿ ನೆಟ್ಟಗೆ ನಿಂತಿದೆಯೇ? ಎಲ್ಲಾದರೂ ಮಡಿಚಿದಂತೆ ಕಾಣುತ್ತಿದೆಯೇ? ನೆಟ್ಟಗೆ ನಿಂತ ಜಾಗಕ್ಕೆ ಪೆನ್ಸಿಲಿನಿಂದ ಗುರುತು ಹಾಕಿ, ಬಿಲ್ಲು ಇಳಿಸಿ, ಅಲ್ಲಿ ಹೊಟ್ಟೆಯಿಂದ ಕಾಗದದಷ್ಟು ತೆಳು ಸಿಪ್ಪೆ ಕೆರೆಯುತ್ತಾರೆ. ಮತ್ತೆ ಏರಿಸಿ, ಹಲವು ಸಲ ಹಗುರಾಗಿ ಎಳೆದು ಮರಕ್ಕೆ ಹೊಸ ಬಾಗನ್ನು ರೂಢಿ ಮಾಡಿಸಿ, ಮತ್ತೆ ನೋಡುತ್ತಾರೆ. ಮಡಿಚಿದಂತೆ ಕಾಣುವ ಜಾಗವನ್ನು ಮುಟ್ಟುವಂತಿಲ್ಲ. ಅದನ್ನು ಸರಿಪಡಿಸಬೇಕಾದರೆ ಉಳಿದ ಭಾಗವನ್ನೆಲ್ಲ ಅದರ ಮಟ್ಟಕ್ಕೆ ಇಳಿಸಬೇಕು. ತೆಗೆದ ಮರವನ್ನು ಮತ್ತೆ ಹಚ್ಚಲಾಗದು. ಅವಸರದವರ ಬಿಲ್ಲು 50 ಪೌಂಡಿನದಾಗಬೇಕಿದ್ದು 30 ಪೌಂಡಿಗೆ ಬಂದು ನಿಲ್ಲುವುದು ಇಲ್ಲೇ.

ಕಾರ್ಖಾನೆಯ ಫೈಬರ್‌ಗ್ಲಾಸ್ ಬಿಲ್ಲಿಗೂ ಕೈಬಿಲ್ಲಿಗೂ ಇರುವ ನಿಜವಾದ ವ್ಯತ್ಯಾಸ ಈ ಹಂತದ್ದು. ಫೈಬರ್‌ಗ್ಲಾಸಿನ ಪ್ರತಿ ಪಟ್ಟಿಯ ಗುಣ ಒಂದೇ, ಆದ್ದರಿಂದ ಅಚ್ಚು ಒಂದಿದ್ದರೆ ಸಾಕು. ಮರದ ಪ್ರತಿ ದಿಮ್ಮಿಯೂ ಬೇರೆ. ಒಂದೇ ಮರದ ಎರಡು ಸೀಳುಗಳಿಗೂ ಒಂದೇ ಅಳತೆ ಹೊಂದುವುದಿಲ್ಲ. ಆದ್ದರಿಂದ "ಇಂಗ್ಲಿಷ್ ಶೈಲಿ", "ಅಮೆರಿಕನ್ ಶೈಲಿ" ಎಂಬುದು ಕೆಲಸದ ಆರಂಭವನ್ನಷ್ಟೇ ಹೇಳುತ್ತದೆ. ಮುಗಿತಾಯವನ್ನು ಮರವೇ ಹೇಳಬೇಕು.

ಹೋಲಿಸುವುದು ಹೇಗೆ?

ಅಂಗಡಿಗಳಲ್ಲಿ, ವಿಡಿಯೊಗಳಲ್ಲಿ ಬಿಲ್ಲುಗಳನ್ನು ಹೋಲಿಸುವುದು ಪೌಂಡ್ ಲೆಕ್ಕದಲ್ಲಿ. ಹೆದೆಯನ್ನು 28 ಅಂಗುಲ ಎಳೆದು ಹಿಡಿಯಲು ಬೇಕಾಗುವ ಬಲ ಅದು. ಆದರೆ ತಲಾ 50 ಪೌಂಡಿನ ಎರಡು ಬಿಲ್ಲುಗಳು ಒಂದೇ ವೇಗದಲ್ಲಿ ಬಾಣ ಬಿಡಬೇಕೆಂದಿಲ್ಲ. ಬಾಗಿ ಕೂತುಬಿಟ್ಟ ಬಿಲ್ಲು ಎಳೆತದ ಮೊದಲರ್ಧದಲ್ಲಿ ಸಡಿಲವಾಗಿದ್ದು ಕೊನೆಯಲ್ಲಿ ಮಾತ್ರ 50 ಮುಟ್ಟುತ್ತದೆ. ಅದರಲ್ಲಿ ಸೇರಿದ ಒಟ್ಟು ಶಕ್ತಿ ಕಡಿಮೆ. ಭಾರದ ತುದಿಗಳಿರುವ ಬಿಲ್ಲು ಶಕ್ತಿ ಸೇರಿಸಿಕೊಂಡರೂ ಅದನ್ನು ತನಗೇ ಖರ್ಚು ಮಾಡಿಕೊಳ್ಳುತ್ತದೆ. ಬಾಣದ ಬಳುಕು ಬಿಲ್ಲಿಗೆ ಹೊಂದದಿದ್ದರೆ ಗುರಿ ತಪ್ಪುತ್ತದೆ, ಏಕೆಂದರೆ ಹೆದೆ ಬಿಟ್ಟ ಕ್ಷಣ ಬಾಣ ಹಾವಿನಂತೆ ಬಳುಕಿ ಹಿಡಿಯನ್ನು ಬಳಸಿ ಹೋಗುತ್ತದೆ. ಹಾಗಾಗಿ ಹೋಲಿಸುವವರು ಕೇಳಬೇಕಾದದ್ದು ನಾಲ್ಕು ಪ್ರಶ್ನೆ. ಮರ ಯಾವುದು? ಅದರ ಗುಣಕ್ಕೆ ಆಕಾರ ಹೊಂದಿದೆಯೇ? ಹೆದೆ ಇಳಿಸಿದ ಮೇಲೆ ಬಿಲ್ಲು ಎಷ್ಟು ನೆಟ್ಟಗಾಗುತ್ತದೆ? ಯಾವ ಕೆಲಸಕ್ಕೆ, ಯಾವ ಹವೆಯಲ್ಲಿ ಅದನ್ನು ಬಳಸುತ್ತೀರಿ?

ಈ ನಾಲ್ಕನ್ನು ಇಟ್ಟುಕೊಂಡು ನೋಡಿದರೆ ತೀರ್ಪು ಹೇಳುವುದು ಕಷ್ಟವಲ್ಲ. ಒಳ್ಳೆಯ ಯೂ ಸಿಗುವವರಿಗೆ ಇಂಗ್ಲಿಷ್ ಬಿಲ್ಲು ಸರಿ. ಭಾರದ ಬಾಣವನ್ನು ದೂರಕ್ಕೆ ಕಳಿಸುವುದರಲ್ಲಿ ಅದಕ್ಕೆ ಕೊರತೆಯಿಲ್ಲ. ಮರ ಸಾಧಾರಣವಾಗಿದ್ದರೆ ಚಪ್ಪಟೆ ಬಿಲ್ಲೇ ಜಾಣತನ. ಕೆತ್ತುವಾಗಿನ ಸಣ್ಣಪುಟ್ಟ ತಪ್ಪನ್ನು ಅದು ಕ್ಷಮಿಸುತ್ತದೆ. ಯುಮಿ ಗುರುವಿಲ್ಲದೆ ಮಾಡುವ ಬಿಲ್ಲಲ್ಲ, ಗುರುವಿಲ್ಲದೆ ಎಳೆಯುವ ಬಿಲ್ಲೂ ಅಲ್ಲ. ಕರ್ನಾಟಕದಲ್ಲಿ ಕೂತು ಮೊದಲ ಬಿಲ್ಲು ಕೆತ್ತಲು ಹೊರಟವರು ದುಬಾರಿ ವಿದೇಶಿ ದಿಮ್ಮಿ ತರಿಸುವುದಕ್ಕಿಂತ ಮೂರು ವರ್ಷವಾದರೂ ಬಲಿತ, ನೆರಳಲ್ಲಿ ಚೆನ್ನಾಗಿ ಒಣಗಿದ ಕಿರುಬಿದಿರಿನಿಂದ ಶುರು ಮಾಡುವುದು ಒಳ್ಳೆಯದು. ಭಾರತೀಯ ಅರಣ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯ ಬಳಿಕ, ಅರಣ್ಯದ ಹೊರಗೆ ಬೆಳೆದ ಬಿದಿರು ಆ ಕಾಯ್ದೆಯ ಲೆಕ್ಕದಲ್ಲಿ ಮರವೂ ಅಲ್ಲ. ಮೊದಲ ಬಿಲ್ಲು 25-30 ಪೌಂಡ್ ದಾಟುವುದು ಬೇಡ. ಬಾಣವಿಲ್ಲದೆ ಬರೀ ಹೆದೆ ಎಳೆದು ಬಿಡಬೇಡಿ. ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ಬಿಲ್ಲಿಗೇ ತಿರುಗಿ ಅದು ಸಿಡಿಯಬಹುದು. ಆಟ ಮುಗಿದೊಡನೆ ಹೆದೆ ಇಳಿಸಿ.

ಕೊನೆಯದಾಗಿ ಒಂದು ಮನವಿ. ನಮ್ಮ ಊರೂರುಗಳ ವೀರಗಲ್ಲುಗಳಲ್ಲಿ ಬಿಲ್ಲೆತ್ತಿದ ವೀರರಿದ್ದಾರೆ. ಕಲ್ಲಿನಲ್ಲಿ ಆಕಾರ ಉಳಿದಿದೆ. ಮರ, ಬಿದಿರು ಗೆದ್ದಲಿಗೂ ಮಳೆಗೂ ಹೋಗಿವೆ. ಇಂಗ್ಲಿಷ್ ಬಿಲ್ಲಿನ ಬಗ್ಗೆ ಇಷ್ಟು ಖಚಿತವಾಗಿ ಮಾತಾಡಲು ಸಾಧ್ಯವಾದದ್ದು ಅದು ಎಲ್ಲಕ್ಕಿಂತ ಮೇಲು ಎಂಬ ಕಾರಣಕ್ಕಲ್ಲ. ಕಡಲಿನ ಕೆಸರು ಅದನ್ನು ಕಾಪಾಡಿತು, ಸಿಕ್ಕಮೇಲೆ ಸಂಶೋಧಕರು ಒಂದೊಂದನ್ನೂ ಅಳೆದಿಟ್ಟರು. ನಿಮ್ಮ ಸೀಮೆಯಲ್ಲಿ ಕೈಯಾರೆ ಬಿಲ್ಲು ಕಟ್ಟುವ ಹಿರಿಯರು ಯಾರಾದರೂ ಇದ್ದರೆ ಫೋಟೊ ತೆಗೆದು ಸುಮ್ಮನಾಗಬೇಡಿ. ಬಿಲ್ಲಿನ ಉದ್ದ, ಹಿಡಿಯಲ್ಲಿ ಮತ್ತು ತುದಿಗಳಲ್ಲಿ ಅದರ ಅಗಲ ಮತ್ತು ದಪ್ಪ, ಬಿದಿರಿನ ಜಾತಿ, ಅದನ್ನು ಕಡಿದ ತಿಂಗಳು, ಹೆದೆಯ ನಾರು, ಅವರು ಬಳಸುವ ಮಾತುಗಳು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ, ಹತ್ತಿರದ ವಸ್ತುಸಂಗ್ರಹಾಲಯಕ್ಕೋ ವಿಶ್ವವಿದ್ಯಾಲಯದ ಜಾನಪದ ವಿಭಾಗಕ್ಕೋ ಒಂದು ಪ್ರತಿ ಕೊಡಿ. ಅಷ್ಟಾದರೆ ನಮ್ಮ ಬಿದಿರಿನ ಬಿಲ್ಲನ್ನೂ ಉಳಿದ ಮೂರರ ಜೊತೆ ಸರಿಸಮನಾಗಿ ಇಟ್ಟು ಹೋಲಿಸಲು ಬರುತ್ತದೆ.